ನೀರಿಲ್ಲದ ದೋಣಿ

ನೀಲಿ ಬಣ್ಣ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಬಣ್ಣದ ತಪ್ಪೇನಿಲ್ಲ, ಅದನ್ನು ಕಂಡಕಂಡಲ್ಲಿ ಬಳಿದು ‘ಸಮುದ್ರ’ ಎನ್ನುವವರ ಮೇಲೆ ನನ್ನ ಸಿಟ್ಟು. ನೀವೇ ಹೇಳಿ, ಆಷಾಢದಲ್ಲಿ ತ್ರಾಸಿಯ ಕಡಲು ಯಾವ ಬಣ್ಣ? ಕೆಸರು ಕಲಕಿದ ಬಣ್ಣ. ಅದನ್ನು ನೀಲಿ ಎನ್ನಬೇಕಾದರೆ ಒಂದೋ ಕಣ್ಣು ಕೆಟ್ಟಿರಬೇಕು, ಇಲ್ಲವೇ ಚಿತ್ರಸ್ಪರ್ಧೆಯ ಅಧ್ಯಕ್ಷರಾಗಿರಬೇಕು.

ಅಂಥ ಅಧ್ಯಕ್ಷರೊಬ್ಬರ ಪಕ್ಕದಲ್ಲಿ ನಾನೂ ಒಮ್ಮೆ ಕುಳಿತಿದ್ದೆ. ಅರವತ್ತರ ದಶಕದ ಒಂದು ಮಳೆಗಾಲ. ಕುಂದಾಪುರದ ಸಂಘವೊಂದು ಮಕ್ಕಳ ಚಿತ್ರಪುಸ್ತಕಗಳ ಸ್ಪರ್ಧೆ ಇಟ್ಟಿತ್ತು. ಕೈಯಲ್ಲೇ ಬರೆದ ಪ್ರತಿ ಕಳಿಸಬೇಕು. ಗೆದ್ದ ಪುಸ್ತಕವನ್ನು ಅಚ್ಚು ಹಾಕಿಸಿ ಶಾಲೆಗಳಿಗೆ ಹಂಚುತ್ತಾರೆ. ನಾನು ನಾವುಂದದ ಪ್ರಾಥಮಿಕ ಶಾಲೆಯ ಮಾಸ್ತರ. ಕರಿಹಲಗೆಯ ಮೇಲೆ ನಾನು ಆನೆ ಬರೆದರೆ ಮಕ್ಕಳು ಒಮ್ಮತದಿಂದ ಹಂದಿ ಎನ್ನುತ್ತಾರೆ. ಅಂಥವನು ತೀರ್ಪುಗಾರನಾದದ್ದು ಮೂರನೆಯ ಕುರ್ಚಿ ಖಾಲಿಯಿತ್ತು ಎಂಬ ಒಂದೇ ಕಾರಣಕ್ಕೆ. ಎರಡನೆಯ ಕುರ್ಚಿಯಲ್ಲಿ ಕಾಗದದ ವ್ಯಾಪಾರಿಯೊಬ್ಬರು ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು.

ಬಂದ ಪುಸ್ತಕಗಳಲ್ಲಿ ಒಂದು ಹಂಗಾರಕಟ್ಟೆಯ ಗಿರಿಜಾ ಟೀಚರದು. ಅವರು ದೋಣಿ ಕಟ್ಟುವವರ ಮನೆಯ ಮಗಳು, ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಒಂದು ದೋಣಿಯ ಇಡೀ ವರ್ಷದ ಬದುಕೇ ಅವರ ಕಥೆ. ಅದರ ಮಳೆಗಾಲದ ಪುಟ ನನ್ನ ಕಣ್ಣಲ್ಲಿ ಇನ್ನೂ ಇದೆ. ದೋಣಿಯನ್ನು ದಡಕ್ಕೆ ಎಳೆದು, ಹೆಣೆದ ತೆಂಗಿನ ಗರಿ ಹೊದೆಸಿದ್ದಾರೆ. ಹೊರಗೆ ಧೋ ಎಂದು ಮಳೆ. ದೋಣಿಯೊಳಗೆ ಒಂದು ಕೋಳಿ ಮರಿಗಳನ್ನು ರೆಕ್ಕೆಯಡಿ ಹಾಕಿಕೊಂಡು ಕುಳಿತಿದೆ. ನೋಡುತ್ತಿದ್ದರೆ ನನಗೇ ಬೆಚ್ಚಗಾಯಿತು.

ಅಧ್ಯಕ್ಷರಿಗೆ ಆಗಲಿಲ್ಲ. ಘಟ್ಟದ ಮೇಲಿನಿಂದ ಬಂದ ವಿದ್ವಾಂಸರು ಅವರು. “ದೋಣಿಯ ಕೆಳಗೆ ನೀರೇ ಇಲ್ಲವಲ್ಲ ಮಾಸ್ತರೇ! ಮಕ್ಕಳು ಏನು ಕಲಿತಾರು?” ಎಂದರು. ಅವರು ಮೆಚ್ಚಿದ್ದು ಇನ್ನೊಂದು ಪುಸ್ತಕ. ಅದರಲ್ಲಿ ಗುಡುಗು, ಮಿಂಚು, ನೀಲಿ ಕಡಲು, ಬೆಟ್ಟದಂಥ ಅಲೆಯ ಮೇಲೆ ಒಂದು ದೋಣಿ, ಅದರಲ್ಲಿ ಹಲ್ಲು ಕಿರಿಯುವ ಬೆಸ್ತರು. ಆ ಮಳೆಯಲ್ಲಿ ದೋಣಿ ಇಳಿಸುವವನಿಗೆ ನಮ್ಮೂರಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ! ನಮ್ಮ ಹಿರಿಯರು ಚಿತ್ರಕ್ಕೆ ಆರು ಅಂಗಗಳನ್ನು ಹೇಳಿದ್ದಾರೆ, ಸಾದೃಶ್ಯವೂ, ಅಂದರೆ ಇದ್ದದ್ದನ್ನು ಇದ್ದಂತೆ ಹೋಲುವುದೂ, ಅದರಲ್ಲೊಂದು ಎಂದು ನಾನು ಎಲ್ಲೋ ಓದಿದ್ದನ್ನು ಅಲ್ಲಿ ಒದರಿದೆ. ಅಧ್ಯಕ್ಷರು ಉಳಿದ ಐದನ್ನು ಹೇಳಿ ಎಂದರು. ನನಗೆ ಮೂರು ಮಾತ್ರ ನೆನಪಿದ್ದವು. ವ್ಯಾಪಾರಿ ತಲೆಯಾಡಿಸಿದರು.

ಕೊನೆಗೆ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿದರು. ಆಯಮ್ಮ ದೋಣಿಯ ಕೆಳಗೆ ಒಂದಿಷ್ಟು ನೀಲಿ ಬಳಿದುಕೊಟ್ಟರೆ ಬಹುಮಾನ ಅವರಿಗೇ ಎಂದರು. ಗಿರಿಜಾ ಟೀಚರು ಬಹಳ ಸಮಯ ಕೂತು ಬರೆದ ಪುಸ್ತಕ. ಅಚ್ಚಾಗಲು ಬೇರೆ ದಾರಿಯಿರಲಿಲ್ಲ. ನಾನೇ ಪುಸ್ತಕ ಹಿಡಿದುಕೊಂಡು ಹಂಗಾರಕಟ್ಟೆಗೆ ಹೋದೆ. ಸ್ವಲ್ಪ ನೀಲಿ ತಾನೇ, ಬಳಿದುಬಿಡಿ ಎಂದು ನಾನೂ ಹೇಳಿದೆ. ಅವರು ಆ ಪುಟ ಬಿಡಿಸಿ ನನ್ನ ಕಡೆ ತಿರುಗಿಸಿದರು.

“ನೀರ್ ಬರ್ದ್ರೆ ಈ ಕೋಳಿಮರಿ ಎಲ್ಲ ಎಲ್ಲಿಗ್ ಹೋಪುದ್ ಮಾಷ್ಟ್ರೇ?” ಎಂದರು. ಆಮೇಲೆ ಪುಸ್ತಕವನ್ನು ನನ್ನ ಕೈಗೇ ಕೊಟ್ಟು, “ನಿಮ್ಮತ್ರವೇ ಇರ್ಲಿ. ಶಾಲಿ ಮಕ್ಕಳ್ ಕಾಣ್ಲಿ,” ಎಂದರು.

ಬಹುಮಾನ ನೀಲಿ ಕಡಲಿಗೇ ಹೋಯಿತು. ಅಚ್ಚಾದ ಪುಸ್ತಕ ನಮ್ಮ ಶಾಲೆಗೂ ಬಂತು. ಕೊನೆಯ ಪುಟದಲ್ಲಿ ತೀರ್ಪುಗಾರರ ಹೆಸರುಗಳ ಸಾಲಿನಲ್ಲಿ ನನ್ನದೂ ಇತ್ತು. ಅದನ್ನು ಕಂಡು ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಆದರೂ ಸರ್ಕಾರಿ ಮಾಸ್ತರ ನಾನು, ಪುಸ್ತಕವನ್ನು ತರಗತಿಯಲ್ಲಿ ತೋರಿಸಿದೆ.

ಮೀನುಗಾರರ ಮನೆಯ ನಾಗವೇಣಿ ಮೂರನೆಯ ತರಗತಿಯಲ್ಲಿದ್ದಳು. ಬಿರುಗಾಳಿಯ ಆ ಚಿತ್ರದ ಮೇಲೆ ಬೆರಳಿಟ್ಟವಳು ತೆಗೆಯಲೇ ಇಲ್ಲ. “ಮಾಷ್ಟ್ರೇ, ಇದ್ರಾಗ್ ಇದ್ದವ್ರ್ ಮನಿಗ್ ಬಂದ್ರಾ?”

ನಾನು ಪುಟ ತಿರುವಿದೆ. ಮುಂದಿನ ಪುಟದಲ್ಲಿ ನವಿಲು ಕುಣಿಯುತ್ತಿತ್ತು. ಅದರ ಮುಂದೆ ಕಾಮನಬಿಲ್ಲು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಕಪಾಟು ತೆಗೆದು ಗಿರಿಜಾ ಟೀಚರ ಪುಸ್ತಕ ತಂದೆ. ಮಳೆಗಾಲದ ಪುಟ ಬಿಡಿಸಿ ಅವಳ ಮುಂದಿಟ್ಟು, ದಡದ ಮೇಲಿನ ದೋಣಿ ತೋರಿಸಿದೆ.

“ಬಂದ್ರ್ ಮಗಾ. ಕಾಣ್, ದೋಣಿ ಇಲ್ಲೇ ಇತ್ತ್.”