ಯೂನಿಯನ್ ಕ್ಲಬ್ಬಿನ ಗಂಟಲು

ಹುಚ್ಚಪ್ಪ ಹೇಡಿ. ಬೆಂಗೇರಿಯಲ್ಲಿ ಅವನನ್ನು ಬಲ್ಲ ಯಾರೂ ಈ ಮಾತನ್ನು ಅಲ್ಲಗಳೆಯುತ್ತಿರಲಿಲ್ಲ. ಅವನ ಹೆಂಡತಿ ಬಾಳವ್ವ ಎಲ್ಲರಿಗಿಂತ ಮೊದಲು ಹೇಳುತ್ತಿದ್ದಳು. ದೇವರು ಅವನಿಗೆ ಕೊಟ್ಟದ್ದು ಗಂಟಲು ಒಂದೇ. ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಹತ್ತಿ ತುಂಬಿದ ಅಂಡಿಗೆ ಹೊರುವ ಹಮಾಲ ಅವನು. ಭಾರ ಎತ್ತುವಾಗ ಒಮ್ಮೆ ಕೂಗು ಹಾಕಿದನೆಂದರೆ ಆಚೆ ಓಣಿಯ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ಆದರೆ ಆ ದನಿಯ ಹಿಂದೆ ಮನುಷ್ಯ ಇರಲಿಲ್ಲ. ಹಮಾಲರು ಮುಷ್ಕರ ಹೂಡಿದ ವರ್ಷ "ಕೆಳಗ ಇಡ್ರೋ!" ಎಂದು ಮೊದಲು ಕೂಗಿದವನೂ ಅವನೇ, ಸಾಹುಕಾರರ ಟಾಂಗಾ ಬಾಗಿಲಿಗೆ ಬಂದಾಗ ಅಂಡಿಗೆಗಳ ಸಂದಿಯಲ್ಲಿ ಸೇರಿಕೊಂಡವನೂ ಅವನೇ. ಅಂದು ಬೇರೆ ಇಬ್ಬರ ಕೆಲಸ ಹೋಯಿತು. ಅವನದು ಹೋಗಲಿಲ್ಲ. ಮನೆಯ ಮಾಲೀಕ ಜಗಳಕ್ಕೆ ಬಂದರೆ ಬಾಳವ್ವ ಮುಂಬಾಗಿಲಿಗೆ ಹೋಗುತ್ತಿದ್ದಳು, ಅವನು ಹಿತ್ತಿಲ ಬಾಗಿಲಿಗೆ.

ನೂರು ಜನ ಹಿಂದಿದ್ದರೆ ಮಾತ್ರ ಅವನಿಗೆ ಧೈರ್ಯ ಬರುತ್ತಿತ್ತು, ಮತ್ತು ಆ ನೂರು ಜನ ಅವನಿಗೆ ಸಿಗುತ್ತಿದ್ದುದು ಹಾಕಿ ಮೈದಾನದಲ್ಲಿ. ಅರವತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಯೂನಿಯನ್ ಕ್ಲಬ್ಬಿನ ಆಟವೆಂದರೆ ಕೇಶ್ವಾಪುರ, ಬೆಂಗೇರಿ, ಗೋಪನಕೊಪ್ಪಗಳ ಗಂಡಸರೆಲ್ಲ ಅಲ್ಲೇ. ಹುಚ್ಚಪ್ಪ ಗೆರೆಯ ಪಕ್ಕ ನಿಂತು "ಯೂ...ನಿಯನ್!" ಎಂದರೆ ಮೈದಾನವಿಡೀ ತಿರುಗಿ ಕೂಗುತ್ತಿತ್ತು. ಆಟಗಾರರ ಹೆಸರು ತಿಳಿಯದವರಿಗೂ ಅವನ ಹೆಸರು ತಿಳಿದಿತ್ತು. ಮಲ್ಲಿಕಸಾಬನ ಚಹಾದ ಅಂಗಡಿಯಲ್ಲಿ ಬೆಂಚಿನ ಒಂದು ತುದಿ ಅವನಿಗೇ ಮೀಸಲು. ಅಲ್ಲಿ ಅವನನ್ನು ಯಾರೂ ಹಮಾಲ ಎನ್ನುತ್ತಿರಲಿಲ್ಲ. ಜಗತ್ತಿನಲ್ಲಿ ಅವನಿಗಿದ್ದ ಮರ್ಯಾದೆ ಅಷ್ಟೇ. ಅದು ಹೋದರೆ ಬೇರೆ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಕ್ಲಬ್ಬಿನ ಮ್ಯಾನೇಜರ ಗೌಸಮೊದ್ದೀನ ತೀರಿಕೊಂಡ. ಮಳೆಗಾಲದ ಹೊತ್ತಿಗೆ ಕಮಿಟಿಯವರು ಆ ಜಾಗಕ್ಕೆ ಹತ್ತಿ ದಲಾಲಿ ಶಾಂತಯ್ಯನನ್ನು ತಂದು ಕೂಡಿಸಿದರು. ಗೌಸಮೊದ್ದೀನ ಹಳೆಯ ಆಟಗಾರ, ಸೋತಾಗ ಹುಡುಗರ ಜೊತೆ ಕೂತು ಅಳುತ್ತಿದ್ದವ. ಶಾಂತಯ್ಯ ಜನ್ಮದಲ್ಲಿ ಹಾಕಿ ಕೋಲು ಮುಟ್ಟಿದವನಲ್ಲ. ವಯಸ್ಸಾದ ಮನುಷ್ಯ; ಧೋತರ, ಉದ್ದ ಕೋಟು, ಹೆಗಲ ಮೇಲೆ ವಲ್ಲಿ, ತಲೆಗೆ ರುಮಾಲು. ಮೈದಾನದ ಅಂಚಿಗೆ ಕುರ್ಚಿ ಹಾಕಿಸಿಕೊಂಡು, ಹಣೆಯ ವಿಭೂತಿ ಒಂದಿಷ್ಟೂ ಸುಕ್ಕುಗಟ್ಟದಂತೆ ಕೂಡುತ್ತಿದ್ದ.

ಮಲ್ಲಿಕಸಾಬನ ಅಂಗಡಿಯಲ್ಲಿ ತೀರ್ಪಿಗೆ ತಡವಾಗಲಿಲ್ಲ.

"ಹತ್ತಿ ಅರಳಿ ಎಳದು ನೋಡಿದಂಗ ಹುಡುಗರ ಕಿವಿ ಎಳದು ನೋಡ್ತಾನೇನ್ರಿ ಈ ಅಯ್ಯ?" ಎಂದ ಹುಚ್ಚಪ್ಪ.

"ಗೋಲ್ ಕೀಪರನ್ನ ತಕ್ಕಡ್ಯಾಗ ಇಟ್ಟು ತೂಗ್ತಾನ ಬಿಡು," ಎಂದ ಅಂಚೆ ಕಚೇರಿಯ ಗುಮಾಸ್ತ ಗೋವಿಂದಪ್ಪ. ಊರಿನ ಸುದ್ದಿಯೆಲ್ಲ ಅವನ ಬಾಯಿ ದಾಟಿಯೇ ಹೋಗಬೇಕು.

ಮಲ್ಲಿಕಸಾಬ ಮಾತ್ರ ಕಪ್ಪು ಬಸಿ ಒರೆಸುತ್ತ, "ಒಂದ ಮ್ಯಾಚ್ ಆಗಲಿ ತಡೀರಿ," ಎಂದ. ಅವನಿಗೆ ಎಲ್ಲ ಪಕ್ಷದವರೂ ಗಿರಾಕಿಗಳೇ.

ಆ ವಾರದ ಅಭ್ಯಾಸದಲ್ಲಿ ಶಾಂತಯ್ಯ ಒಂದು ವಿಚಿತ್ರ ಮಾಡಿದ. ರೈಟ್ ಬ್ಯಾಕ್ ಆಡುವ ಕಮರುದ್ದೀನ ನೀರು ಕುಡಿದು ನಿಂತಿದ್ದಾಗ, ಅವನ ಬಲಬದಿಗೆ ಹೋಗಿ, ಚೆಂಡನ್ನು ಕೈಯಿಂದ ಮೆಲ್ಲಗೆ ಉರುಳಿಸಿದ. ಚೆಂಡು ಕಾಲ ಪಕ್ಕದಿಂದಲೇ ಹಾದುಹೋಯಿತು. ಕಮರುದ್ದೀನ ಅಲುಗಲಿಲ್ಲ. ಶಾಂತಯ್ಯ ಮತ್ತೊಮ್ಮೆ ಉರುಳಿಸಿದ.

"ಮ್ಯಾನೇಜರ ಗೋಲಿ ಆಡಾಕತ್ತಾರೋ!" ಎಂದು ಹುಚ್ಚಪ್ಪ ಕೂಗಿದ. ಜನ ಹೊಟ್ಟೆ ಹಿಡಿದು ನಕ್ಕರು.

ಮರುದಿನ ನಗು ನಿಂತಿತು. ಧಾರವಾಡದ ತಂಡದೊಡನೆ ಸೆಮಿಫೈನಲ್ ಭಾನುವಾರಕ್ಕೆ ಇತ್ತು, ಮತ್ತು ಶಾಂತಯ್ಯ ಕಮರುದ್ದೀನನನ್ನು ಕೈಬಿಟ್ಟಿದ್ದ. ವರ್ಷಗಟ್ಟಲೆ ಬಲಗಡೆಯಿಂದ ಒಂದು ಇರುವೆಯನ್ನೂ ದಾಟಲು ಬಿಡದ ಕಮರುದ್ದೀನನನ್ನು! ಕಾರಣ ಕೇಳಿದವರಿಗೆ ಶಾಂತಯ್ಯ ಹೇಳಿದ್ದು, "ಬ್ಯಾಡ ಅನಿಸ್ತು." ಅಷ್ಟೇ. ಕಮರುದ್ದೀನನೂ ಬಾಯಿ ಬಿಡಲಿಲ್ಲ. ಜನ ಅದನ್ನು ಅವಮಾನ ನುಂಗಿದವನ ಮೌನವೆಂದು ತಿಳಿದರು.

ಶನಿವಾರ ಹುಚ್ಚಪ್ಪ ಪೇಟೆಯಲ್ಲಿ ಖಾಲಿ ಕೂತಿದ್ದ. ಭಾದ್ರಪದದಲ್ಲಿ ಹಮಾಲರಿಗೆ ಕೆಲಸ ಕಡಿಮೆ. ಹೊಸ ಹತ್ತಿ ಬರುವುದು ಸಂಕ್ರಮಣ ಕಳೆದ ಮೇಲೆ. ಎದುರಿನ ಅಡತಿ ಅಂಗಡಿಯ ಕಟ್ಟೆಯ ಮೇಲೆ ಶಾಂತಯ್ಯ ಕೂತಿದ್ದ. ಅವನ ಎದುರಿಗೆ ನೀಲಕಂಠಪ್ಪ. ಹುಬ್ಬಳ್ಳಿಯಲ್ಲಿ ಜಿನ್ನಿಂಗ್ ಗಿರಣಿ ಇಟ್ಟಿದ್ದ ಈ ಸಾಹುಕಾರ ಧಾರವಾಡದವನು, ಅಲ್ಲಿಯ ಹಾಕಿ ತಂಡಕ್ಕೆ ಆಶ್ರಯದಾತ. ಇಬ್ಬರೂ ಕೈಗೆ ಕೈ ಕೊಟ್ಟಿದ್ದರು. ಕೈಗಳ ಮೇಲೆ ಶಾಂತಯ್ಯನ ವಲ್ಲಿ ಹಾಸಿತ್ತು.

ಹತ್ತಿ ಪೇಟೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ದಲಾಲಿಯೂ ಹೆಗಲ ಮೇಲಿನ ವಲ್ಲಿಯನ್ನು ಕೈಗಳಿಗೆ ಹೊದಿಸಿ, ಅದರಡಿ ಬೆರಳು ಒತ್ತಿ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಒಪ್ಪಂದವಾಗಲಿ, ಮುರಿಯಲಿ, ವಲ್ಲಿಯ ಕೆಳಗೆ ಆದದ್ದನ್ನು ಇಬ್ಬರೂ ಹೊರಗೆ ಆಡುವಂತಿಲ್ಲ. ಆಡಿದವನ ಕೈಯನ್ನು ಪೇಟೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ. ಇದೆಲ್ಲ ಹುಚ್ಚಪ್ಪ ಹುಟ್ಟಿದಂದಿನಿಂದ ಕಂಡದ್ದು. ಆದರೆ ಕೊಡುಕೊಳ್ಳುವ ಕಡೆ ಮಾದರಿಯ ಅರಳೆ ಇರಲೇಬೇಕು. ಈ ಇಬ್ಬರ ನಡುವೆ ಒಂದು ಎಳೆಯೂ ಇರಲಿಲ್ಲ. ಹತ್ತಿಯೇ ಇಲ್ಲದ ತಿಂಗಳಲ್ಲಿ, ಸೆಮಿಫೈನಲ್ಲಿನ ಹಿಂದಿನ ದಿನ, ಧಾರವಾಡದವನ ಬೆರಳು ಹಿಡಿದು ಈತ ಮಾರುತ್ತಿರುವುದೇನು?

ಹತ್ತಿ ಪೇಟೆಯ ಮನುಷ್ಯನಿಗಲ್ಲದೆ ಬೇರೆ ಯಾರಿಗೂ ಈ ಸಂಶಯ ಬರುತ್ತಿರಲಿಲ್ಲ. ಅವನಿಗೆ ಬಂದದ್ದು ಸಂಶಯವೂ ಅಲ್ಲ, ಖಾತ್ರಿ.

"ಮ್ಯಾಚ್ ಮಾರ್ಯಾನ!" ಮಲ್ಲಿಕಸಾಬನ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಕೂಗಿದ. "ಕಣ್ಣಾರೆ ನೋಡೀನಿ. ಅದಕ್ಕ ಕಮರುದ್ದೀನನ್ನ ತಗದಾನ!"

"ಹೌದಲ್ಲೋ," ಎಂದ ಗೋವಿಂದಪ್ಪ, ತೊಡೆ ತಟ್ಟಿ. "ಬಲಗಡೆ ಬಾಗಲಾ ತಗದು ಇಟ್ಟಾನ. ಧಾರವಾಡದ ಮಂದಿ ಬಾಳ ಸಭ್ಯರು, 'ಒಳಗ ಬರಬಹುದೇನ್ರಿ' ಅಂತ ಕೇಳಿ ಗೋಲ್ ಹೊಡೀತಾರ ನೋಡು."

ಈ ಸಲ ಯಾರೂ ನಗಲಿಲ್ಲ. ಸೋತರೆ ಶಾಂತಯ್ಯನಿಗೆ ಚಪ್ಪಲಿ ಹಾರ ಹಾಕಿ, ಕೇಶ್ವಾಪುರದವರೆಗೆ ಮೆರೆಸಿ, ಕ್ಲಬ್ಬಿನಿಂದ ಅಟ್ಟುವುದೆಂದು ಅಲ್ಲೇ ನಿಶ್ಚಯವಾಯಿತು. ಹಾರದ ಮಾತು ಹೊರಟದ್ದು ಹುಚ್ಚಪ್ಪನ ಬಾಯಿಂದ. ಪೋಣಿಸುವವರು ಬೇರೆ ಸಿಕ್ಕರು.

ಮನೆಯಲ್ಲಿ ಬಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಎಲ್ಲ ಕೇಳಿದಳು. "ಆ ಮನಶ್ಯಾಗ ನಾಳೆ ಏನರ ಆದ್ರ ಮುಂದ ಯಾರ ನಿಂದರ್ತಾರ? ನೀವೇನು?"

"ಮಂದಿ ಅದಾರ."

"ಮಂದಿ ಇರ್ತಾರ್ರಿ. ನೀವು ಎಲ್ಲಿರ್ತೀರಿ ಅಂತ ಕೇಳಾಕತ್ತೇನಿ."

ಹುಚ್ಚಪ್ಪ ರೊಟ್ಟಿ ಮುರಿದ.

ಭಾನುವಾರ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಂದಿನ ಗದ್ದಲವೂ ಇರಲಿಲ್ಲ. ಜನ ಆಟಕ್ಕಿಂತ ಹೆಚ್ಚಾಗಿ ಆ ಕುರ್ಚಿಯನ್ನು ನೋಡುತ್ತಿದ್ದರು. ಹಲವರ ಜೇಬು ಕಲ್ಲಿನ ಭಾರಕ್ಕೆ ಜೋತಿದ್ದವು. ಶಾಂತಯ್ಯ ಅದನ್ನು ಕಾಣದವನಂತೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಆಚೆ ಬದಿಯಲ್ಲಿ ನೀಲಕಂಠಪ್ಪ. ಮೊದಲರ್ಧ ಗೋಲಿಲ್ಲದೆ ಮುಗಿಯಿತು. ಹುಚ್ಚಪ್ಪ ಕೂಗಿದಾಗ ಜನ ಕೂಗಿದರು, ಆದರೆ ಹಲ್ಲು ಕಚ್ಚಿದ ಕೂಗು ಅದು.

ವಿರಾಮದಲ್ಲಿ ಅವನು ಶೇಂಗಾದ ಪೊಟ್ಟಣ ಹಿಡಿದು ಕಮರುದ್ದೀನನನ್ನು ಹುಡುಕಿ ಹೋದ. ಗೋಡೆಯ ಬುಡದಲ್ಲಿ ಒಬ್ಬನೇ ಕೂತಿದ್ದ. ಹುಚ್ಚಪ್ಪ ಬಲಕ್ಕೆ ನಿಂತು ಪೊಟ್ಟಣ ಚಾಚಿದ. ಕಮರುದ್ದೀನ ತೆಗೆದುಕೊಳ್ಳಲಿಲ್ಲ, ತಿರುಗಲೂ ಇಲ್ಲ.

"ತಗೊಳ್ಳೋ. ನನ್ನ ಮ್ಯಾಲೆ ಯಾಕ ಸಿಟ್ಟು?"

ಕಮರುದ್ದೀನ ಬೆಚ್ಚಿ, ಕುತ್ತಿಗೆಯನ್ನು ಪೂರ್ತಿ ಹೊರಳಿಸಿ ನೋಡಿದ. "ಆ ಕಡೆ ನಿಂತರ ಕಾಣೂದಿಲ್ಲ. ಈ ಕಡೆ ಬಾ," ಎಂದ.

ಹುಚ್ಚಪ್ಪ ಎಡಕ್ಕೆ ಬಂದ.

"ಬಲಗಣ್ಣು ಹೋಗೇತಿ. ನಾ ಇದ್ದ ಕಾರ್ಖಾನ್ಯಾಗ ಕಣ್ಣು ಪರೀಕ್ಷಾ ಮಾಡಿ ಕೆಲಸದಿಂದ ತಗದ್ರು. ನನ್ನ ಹೇಣ್ತಿ ಅಬೀದಾನ್ನ ಬಿಟ್ರ ಯಾರಿಗೂ ಹೇಳಿದ್ದಿಲ್ಲ. ಶಾಂತಯ್ಯಾರು ಬಂದ ವಾರದಾಗ ಕಂಡ ಹಿಡದ್ರು. ಚೆಂಡ ಉಳ್ಳಿಸಿ ನೋಡಿದ್ರಲ್ಲ, ನೀವೆಲ್ಲಾ ನಕ್ಕಿದ್ರಿ."

"ಮತ್ತ ಹಂಗಂತ ಹೇಳಬಾರ್ದ ಆ ಮನಶ್ಯಾ?"

"ನಾನ ಬ್ಯಾಡ ಅಂದೆ. ಅವರೂ ಏನ್ ಸಮಾಧಾನ ಮಾಡ್ಲಿಲ್ಲ. 'ಚೆಂಡ ತಲೀಗೆ ಬಡದು ಸತ್ತರ ಕ್ಲಬ್ಬಿನ ಹೆಸರು ಕೆಡ್ತೈತಿ, ಸುಮ್ಮ ಕೂಡು' ಅಂದ್ರು. ಆಮ್ಯಾಲ ನಿನ್ನೆ ನೀಲಕಂಠಪ್ಪ ಸಾಹುಕಾರ್ರನ್ನ ಹಿಡದು, ಗಿರಣಿ ಗೇಟು ಕಾಯಾಕ ನನ್ನ ಹಚ್ಚ್ಯಾರ. ನಾಳಿಂದ ಕೆಲಸ. ಪಗಾರದ ಮಾತು ವಲ್ಲಿ ಒಳಗ ಆತು." ಕಮರುದ್ದೀನ ದನಿ ತಗ್ಗಿಸಿದ. "ಸಾಹುಕಾರ್ರಿಗೆ ಕಣ್ಣಿನ ಮಾತು ಗೊತ್ತಿಲ್ಲ. ಒಕ್ಕಣ್ಣಿನವನ್ನ ಗೇಟಿಗೆ ಯಾರ ಇಟಗೋತಾರ?"

"ಅಂದ್ರ ದಲಾಲಿ ಕೆಟ್ಟ ಮಾಲು ದಾಟಿಸ್ಯಾನ."

"ಹೌದಪಾ, ನಾನ ಆ ಮಾಲು," ಎಂದ ಕಮರುದ್ದೀನ. ನಗಲಿಲ್ಲ. "ನಿನ್ನ ಬಾಯಿ ನನಗ ಗೊತ್ತೈತಿ, ಹುಚ್ಚಪ್ಪಾ. ಅದಕ್ಕ ಹೇಳೂದು ಬ್ಯಾಡ ಅಂತ ಇದ್ದೆ. ಈ ಮಾತು ಹೊರಗ ಬಿತ್ತಂದ್ರ ನಾ ಮತ್ತು ಅಬೀದಾ ಬೀದಿಗೆ ಬಿದ್ವಿ."

ಸೀಟಿ ಕೇಳಿತು. ಹುಚ್ಚಪ್ಪ ಗೆರೆಯ ಪಕ್ಕಕ್ಕೆ ಮರಳಿದ. ಎರಡನೆಯ ಅರ್ಧದಲ್ಲಿ ಅವನು ಕೂಗಿದ್ದು ಯಾರಿಗೂ ನೆನಪಿಲ್ಲ. ಅವನಿಗೆ ಬೇಕಾಗಿದ್ದುದು ಒಂದೇ: ಯೂನಿಯನ್ ಗೆಲ್ಲಬೇಕು. ಗೆದ್ದರೆ ಕಲ್ಲು ಜೇಬಿನಲ್ಲೇ ಉಳಿಯುತ್ತವೆ, ಹಾರ ಗಟಾರಕ್ಕೆ ಬೀಳುತ್ತದೆ, ನಿನ್ನೆಯ ಮಾತು ಜನರಿಗೆ ಮರೆತುಹೋಗುತ್ತದೆ. ಅವನು ಯಾರೆದುರಿಗೂ ನಿಲ್ಲಬೇಕಾಗುವುದಿಲ್ಲ.

ಆಟ ಮುಗಿಯಲು ಸ್ವಲ್ಪವೇ ಇದ್ದಾಗ ಧಾರವಾಡದ ಹುಡುಗನೊಬ್ಬ ಕಮರುದ್ದೀನ ಕಾಯುತ್ತಿದ್ದ ಬದಿಯಿಂದಲೇ ನುಗ್ಗಿ ಗೋಲು ಹೊಡೆದ. ಕೊನೆಯ ಸೀಟಿ ಊದಿದ್ದೇ ಜನ ಗೆರೆ ದಾಟಿದರು. ಆಟಗಾರರನ್ನು ಯಾರೂ ನೋಡಲಿಲ್ಲ. ಎಲ್ಲರೂ ಕುರ್ಚಿಯ ಕಡೆ ನಡೆದರು.

ಶಾಂತಯ್ಯ ಎದ್ದು ನಿಂತ, ಆದರೆ ಜಾಗ ಬಿಡಲಿಲ್ಲ. ಯಾರೋ ಕುರ್ಚಿಯನ್ನು ಒದ್ದರು. ಚಪ್ಪಲಿ ಹಾರ ಜನರ ತಲೆಯ ಮೇಲಿಂದ ಕೈ ದಾಟಿ ಬಂತು.

"ನಿನ್ನೆ ವಲ್ಲಿ ಕೆಳಗ ಏನ ಮಾರಿದ್ರಿ?" ಗೋವಿಂದಪ್ಪ ಕೇಳಿದ. "ಅದನ್ನ ಹೇಳ್ರಿ, ಬಿಡ್ತೇವಿ."

"ವಲ್ಲಿ ಕೆಳಗಿನ ಮಾತು ಹೊರಗ ಹೇಳೂದಿಲ್ಲ," ಎಂದ ಶಾಂತಯ್ಯ. ರುಮಾಲು ಸರಿದಿತ್ತು; ದನಿ ಸರಿದಿರಲಿಲ್ಲ. "ಪ್ಯಾಟ್ಯಾಗ ಹುಟ್ಟಿದವರಿಗೆ ಇದು ಗೊತ್ತಿರಬೇಕು."

ಅದಕ್ಕಿಂತ ಕೆಟ್ಟ ಉತ್ತರ ಆ ಹೊತ್ತಿನಲ್ಲಿ ಇರಲಿಲ್ಲ. ಜನ ಹೋ ಎಂದು ಮುಂದೆ ಒತ್ತಿದರು. ಅಷ್ಟರಲ್ಲಿ ನೀಲಕಂಠಪ್ಪ ಬಡಿಗೆ ಊರುತ್ತ ಬಂದ. "ಯಾರು ನನ್ನ ಹೆಸರು ತಗದವ್ರು?" ಎಂದ. "ನನ್ನ ವ್ಯವಹಾರ ನಿಮಗ್ಯಾಕ ಹೇಳಬೇಕು? ನೋಡಿದೆ ಅಂತ ಹೇಳಿದವ ಯಾವ, ಅವನ್ನ ಮುಂದ ಕರೀರಿ."

"ಹುಚ್ಚಪ್ಪಾ! ಬಾರೋ, ಇವರ ಎದುರಿಗೇ ಹೇಳು!" ಎಂದು ಗುಂಪು ಕೂಗಿತು.

ಜನ ಎರಡು ಬದಿಗೆ ಸರಿದರು. ಹುಚ್ಚಪ್ಪನ ಹಿಂದೆ ಇದ್ದವರೆಲ್ಲ ಈಗ ಅವನ ಸುತ್ತ ಇದ್ದರು. ಎದುರಿಗೆ ಶಾಂತಯ್ಯ, ಪಕ್ಕಕ್ಕೆ ಸಾಹುಕಾರ, ಗುಂಪಿನ ಕಡೆಯ ಸಾಲಿನಲ್ಲಿ ಕುತ್ತಿಗೆ ಹೊರಳಿಸಿ ನಿಂತ ಕಮರುದ್ದೀನ. ಅದು ನೌಕರಿಯ ಮಾತು ಎಂದುಬಿಡಬಹುದಿತ್ತು. ಆದರೆ ಯಾರ ನೌಕರಿ ಎಂದು ಗೋವಿಂದಪ್ಪ ಕೇಳುತ್ತಾನೆ. ಕಾರ್ಖಾನೆ ಯಾಕೆ ಬಿಟ್ಟ, ಆಟ ಯಾಕೆ ಬಿಟ್ಟ ಎಂದು ಕೇಳುತ್ತಾನೆ. ನಾಲ್ಕು ಪ್ರಶ್ನೆಗೆ ಆ ಕಣ್ಣು ಸಾಹುಕಾರನ ಎದುರಿಗೇ ಹೊರಬೀಳುತ್ತದೆ. ಸುಮ್ಮನೆ ನಿಂತರೂ ನಡೆಯುತ್ತಿತ್ತು. ಹಾರ ಶಾಂತಯ್ಯನ ಕೊರಳಿಗೆ ಬೀಳುತ್ತಿತ್ತು, ಹುಚ್ಚಪ್ಪನ ಬೆಂಚು ಹುಚ್ಚಪ್ಪನಿಗೆ ಉಳಿಯುತ್ತಿತ್ತು. ಸಂದಿ ಎಡಕ್ಕೂ ಇತ್ತು, ಬಲಕ್ಕೂ ಇತ್ತು. ಅವನ ಕಣ್ಣು ಎರಡೂ ಕಡೆ ಹೋಗಿ ಬಂದವು.

"ನಾ ಏನೂ ನೋಡಿಲ್ಲ," ಎಂದ.

"ಏನಂದಿ?" ಎಂದ ಗೋವಿಂದಪ್ಪ.

"ಸುಳ್ಳ ಹೇಳಿದ್ದೆ. ಅವರ ಕೈ ನಾ ನೋಡೇ ಇಲ್ಲ."

ಹತ್ತಿರ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಹಾರ ಹಿಡಿದವನ ಕೈ ಕೆಳಗಿಳಿಯಿತು. ಮಲ್ಲಿಕಸಾಬ ನೆಲಕ್ಕೆ ಉಗುಳಿ, ತಿರುಗಿ ನಡೆದ. ಹಿಂದಿನ ಸಾಲಿನಲ್ಲಿದ್ದವರಿಗೆ ಮಾತ್ರ ಇನ್ನೂ ತಿಳಿದಿರಲಿಲ್ಲ. ಕಲ್ಲು ಹಿಡಿದವರು ಇದ್ದದ್ದು ಅಲ್ಲೇ.

"ಏನಂತೋ ಅಂವಾ? ಕೇಳಸ್ಲಿಲ್ಲ!" ಎಂದು ಅಲ್ಲಿಂದ ಯಾರೋ ಕೂಗಿದರು.

ಹುಚ್ಚಪ್ಪ ಶಾಂತಯ್ಯನಿಗೆ ಬೆನ್ನು ಮಾಡಿ ಜನರ ಕಡೆ ತಿರುಗಿದ. ಹಿಂದೆ ಈಗ ಒಬ್ಬನೇ ಮುದುಕ ಇದ್ದ. ಎದೆ ತುಂಬ ಉಸಿರು ಎಳೆದುಕೊಂಡು, ಆಚೆ ಬದಿಯ ಗೋಲು ಕಂಬದವರೆಗೆ ಕೇಳುವಂತೆ, ಅದೇ ಮಾತನ್ನು ಇನ್ನೊಮ್ಮೆ ಹೇಳಿದ.