ಅಗಸರ ಬಂಡೆಯ ಅಳತೆ

ನನ್ನ ಗಂಡನ ಹೆಸರು ತೆಗೆಸಿದವಳು ನಾನೇ. ಅದಕ್ಕೆ ಊರಲ್ಲಿ ಒಂದೊಂದು ಮಾತು ಬಂತು. ಆದದ್ದನ್ನು ಆದಂತೆ ಬರೆಯುತ್ತೇನೆ.

ಹನುಮಂತ್ರಾಯ ಅಂದರೆ ಮಾನ್ವಿ ತಾಲೂಕಿನ ಹೊಳೆಸಾಲಿನಲ್ಲಿ ಎಲ್ಲರಿಗೂ ಗೊತ್ತು. ಊರು ಚೀಕಲಪರ್ವಿ. ಕುರಿ ಕಾಯುವ ಮನೆತನ. ಏಳನೆಯದಕ್ಕೆ ಶಾಲೆ ಬಿಟ್ಟು ಮಾನ್ವಿಯಲ್ಲಿ ಮೋಟಾರು ವೈಂಡಿಂಗ್ ಕಲಿತರು. ತುಂಗಭದ್ರೆಯ ದಂಡೆಗೆ ಕೂಡಿಸಿದ ಪಂಪುಗಳೆಲ್ಲ ಒಂದಲ್ಲ ಒಂದು ಸಲ ಅವರ ಕೈಯಲ್ಲಿ ಬಿಚ್ಚಿಸಿಕೊಂಡವೇ. ಮಾತು ಕಡಿಮೆ. ಚಹಾಕ್ಕೆ ಸಕ್ಕರೆ ಜಾಸ್ತಿ. ಕಣ್ಣಾರೆ ಕಾಣದ್ದಕ್ಕೆ ಸಹಿ ಹಾಕುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಡ್ಯಾಮಿನಿಂದ ನೀರು ಬಿಟ್ಟಾಗ ನಮ್ಮೂರ ಗಡಿಗೆಪ್ಪ ತನ್ನ ಮೋಟಾರು ಮೇಲೆತ್ತಲು ಇಳಿದು ಕೊಚ್ಚಿಹೋದ. ಪಂಚನಾಮೆಗೆ ಇವರನ್ನು ಕರೆದರು. ನೀರು ಒಮ್ಮೆಲೇ ಬಂತು ಅಂತ ಬರೆದಿತ್ತು.

"ನಾ ಆವಾಗ ಮಾನ್ವ್ಯಾಗಿದ್ದೆ. ಒಮ್ಮೆಲೇ ಬಂತೋ ಸಾವಕಾಶ ಬಂತೋ ನಾ ನೋಡಿಲ್ಲ" ಅಂದು ಪೆನ್ನು ವಾಪಸು ಕೊಟ್ಟರು.

ಪರಿಹಾರಕ್ಕೆ ಅಡ್ಡ ಬಂದ ಅಂತ ಗಡಿಗೆಪ್ಪನ ಮನೆಯವರು ಎರಡು ವರ್ಷ ನಮ್ಮೊಂದಿಗೆ ಮಾತಾಡಲಿಲ್ಲ. ಆ ವರ್ಷವೇ ಇವರು ದಿನಾ ಹೊಳೆಯ ಕಲ್ಲು ನೋಡಲು ಶುರು ಮಾಡಿದ್ದು.

ನಮ್ಮೂರಲ್ಲಿ ಹೊಳೆಯನ್ನು ಕಲ್ಲಿನಿಂದ ಅಳೆಯುತ್ತೇವೆ. ಎಮ್ಮೆಗುಂಡು ಮುಳುಗಿದರೆ ದನ ಮೇಲೆ ಹೊಡೆಯಬೇಕು. ಅಗಸರ ಬಂಡೆ ಮುಳುಗುವುದರೊಳಗೆ ಮೋಟಾರು ಎತ್ತಿರಬೇಕು. ನಂದಿಕಲ್ಲು ಮುಳುಗಿದರೆ ಮನೆ ಬಿಡಬೇಕು. ಡ್ಯಾಮಿನವರು ಹೇಳುವುದು ಕ್ಯೂಸೆಕ್ಸ್ ಲೆಕ್ಕ. ಆ ನೀರು ಯಾವ ಕಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹೇಳುವವರು ಇರಲಿಲ್ಲ.

ರಾಯಚೂರಿನ ಗಂಜ್ ಹತ್ತಿರ ಪ್ರಭುರಾಜನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಇವರ ಕಲ್ಲಿನ ಲೆಕ್ಕ ಕೇಳಿ ಅವನು 'ಹೊಳಿಸುದ್ದಿ' ಅನ್ನುವ ತಂತ್ರಾಂಶ ಮಾಡಿದ. ಡ್ಯಾಮಿನಿಂದ ನೀರು ಬಿಟ್ಟ ಕೂಡಲೇ ಅದು ಊರೂರಿನ ಫೋನಿಗೆ ಕರೆ ಮಾಡಿ, ಇಂಥ ಕಲ್ಲು ಇಷ್ಟು ತಾಸಿಗೆ ಮುಳುಗುತ್ತದೆ ಅಂತ ಹೇಳುತ್ತದೆ. ಓಪನ್ ಸೋರ್ಸ್ ಅನ್ನುತ್ತಾರೆ. ಒಳಗಿನದೆಲ್ಲ ಬಿಚ್ಚಿಟ್ಟಿರುತ್ತದೆ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಮ್ಮೂರಿಗೆ ಒಯ್ಯಬಹುದು. ಹಾಗೇ ಅದು ಕೃಷ್ಣೆಯ ಕಡೆಗೂ ಹೋಯಿತು. ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಹೊಸ ಆವೃತ್ತಿ ಬಿಡುತ್ತಾರೆ. ಬಿಡುವ ಮೊದಲು ಇಬ್ಬರು ನೋಡಿ ಸರಿಯಿದೆ ಅನ್ನಬೇಕು. ಕೃಷ್ಣೆಗೆ ದೇವದುರ್ಗದ ದೇವಿಕಾ, ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ತುಂಗಭದ್ರೆಗೆ ಇವರು. ಎರಡು ಹೆಸರಿಲ್ಲದೆ ಹೊರಗೆ ಬರುವಂತಿಲ್ಲ. ಒಂಬತ್ತು ಆವೃತ್ತಿ ಹಾಗೇ ಬಂದವು.

ಮಾರ್ಚಿನಲ್ಲಿ ಇವರು ಹೋದರು. ಎದೆ ನೋಯುತ್ತದೆ ಅಂದರು. ರಾಯಚೂರು ಮುಟ್ಟಲಿಲ್ಲ, ಕಲ್ಲೂರಿನ ಹತ್ತಿರ ಜೀವ ಹೋಯಿತು.

ಜೂನಿನ ಶುರುವಿನಲ್ಲೇ ಪ್ರಭುರಾಜ ಕರೆದ. ಹೋದೆ. ಅಂಗಡಿಯಲ್ಲಿ ದೇವಿಕಾ ಶಾಲು, ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದಳು. ಪರದೆಯ ಮೇಲೆ ಹತ್ತನೆಯ ಆವೃತ್ತಿ. ಹೊಸದೇನು ಅಂತ ಬರೆದಿತ್ತು. ಧ್ವನಿ ಇನ್ನೂ ಸ್ಪಷ್ಟ, ತೆಲುಗಿನಲ್ಲೂ ಹೇಳುತ್ತದೆ, ಹೀಗೆ. ಕೆಳಗೆ ಒಂದು ಸಾಲು. ಬೆರಳಿಟ್ಟು ಓದಿದೆ. 'ಪರಿಶೀಲಿಸಿದವರು: ದೇವಿಕಾ, ಹನುಮಂತ್ರಾಯ.'

"ಇದೇನಪ್ಪಾ?" ಅಂದೆ.

"ಅಣ್ಣನ ನೆನಪಿಗೆ ಅಕ್ಕಾ," ಅಂದ ಪ್ರಭುರಾಜ. "ಅಣ್ಣನ ಹೆಸ್ರಿಲ್ದ ಇಲ್ಲೀತನ ಒಂದೂ ಬಿಟ್ಟಿಲ್ಲ. ಈ ಸಲ ಹೆಂಗ ಬಿಡಾದು?"

"ಈ ವರ್ಷ ಕಲ್ಲು ಅಳದವರು ಯಾರು?"

ಪ್ರಭುರಾಜ ಪರದೆಯ ಮೇಲಿನ ಅಂಕಿ ತೋರಿಸಿದ.

"ಹೋದ ವರ್ಷದ ಅಳತಿನೇ ಅದ. ಕಲ್ಲು ಎಲ್ಲಿಗಿ ಹೋಗ್ತಾವ ಅಕ್ಕಾ?"

"ಮನಿಷ್ಯಾನೇ ಹೋದ. ಕಲ್ಲು ಹೋಗಲ್ಲಂತ ಹೆಂಗ ಹೇಳ್ತಿ?"

ದೇವಿಕಾ ನನ್ನ ಕೈ ಹಿಡಿದಳು. "ಕಂಪ್ಯೂಟರ್ ತಾನೇ ಮಾಡೋ ಟೆಸ್ಟ್ ಎಲ್ಲಾ ಪಾಸಾಗ್ಯಾವ ಅಕ್ಕಾ. ನೂರಾ ನಲವತ್ತು. ನೋಡ್ರಿ, ಎಲ್ಲಾ ಹಸರು."

"ಹಸರು ನಿಮ್ಮ ಡಬ್ಬ್ಯಾಗ ಬಂದದ. ಹೊಳ್ಯಾಗ ಇಳದು ನೋಡೀರೇನು? ಬದುಕಿದ್ದಾಗ ಅವ್ರು ಕಾಣದ್ದಕ್ಕ ಸಹಿ ಹಾಕಿಲ್ಲ. ಸತ್ತ ಮ್ಯಾಲ ನೀವು ಹಾಕಸ್ತೀರೇನು? ಹೆಸ್ರು ತಗೀರಿ."

"ತಗದ್ರ ಒಂದೇ ಹೆಸ್ರು ಉಳೀತದ, ಬಿಡಾಕ ಬರಲ್ಲ," ಅಂದ ಪ್ರಭುರಾಜ. " ಸೋಮವಾರ ಬಿಡ್ತೀವಂತ ಎಲ್ಲಾರಿಗೂ ಹೇಳೀವಿ."

"ಹೊಳಿಗೆ ಹೇಳೀರೇನು, ಸೋಮವಾರಂತ?"

ಪ್ರಭುರಾಜನಿಗೆ ಸಿಟ್ಟು ಬಂತು. "ಹಂಗಾದ್ರ ಅಳಿಯೋರು ಯಾರು? ಅಣ್ಣ ಇಲ್ಲ."

"ನಾ ಇಲ್ಲೇನು?" ಅಂದೆ. ಶಾಲು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಅಳೆಯಲು ಇಬ್ಬರು ಬೇಕು. ಗೌಂಡಿಗಳು ಬುನಾದಿಗೆ ಮಟ್ಟ ನೋಡುವಂಥ, ನೀರು ತುಂಬಿದ ಉದ್ದನೆಯ ಪ್ಲಾಸ್ಟಿಕ್ ಪೈಪು. ಒಂದು ತುದಿಯನ್ನು ದಂಡೆಯ ಮೆಟ್ಟಿಲಿಗೆ ಬಳಿದ ಬಿಳಿ ಗೆರೆಗೆ ಹಿಡಿಯಬೇಕು. ಇನ್ನೊಂದನ್ನು ಬಂಡೆಯ ಮೇಲೆ ನಿಲ್ಲಿಸಿದ ಕೋಲಿಗೆ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಕೋಲಿನಲ್ಲಿ ಅದು ನಿಂತಲ್ಲಿ ಇವರು ಕೆಂಪು ದಾರ ಕಟ್ಟುತ್ತಿದ್ದರು. ದಾರದಿಂದ ಬಂಡೆ ಎಷ್ಟು ಕೆಳಗಿದೆ ಅನ್ನುವುದೇ ಅಳತೆ. ಮೆಟ್ಟಿಲ ಕಡೆಯ ತುದಿಯನ್ನು ಒಂಬತ್ತು ವರ್ಷ ನಾನೇ ಹಿಡಿದಿದ್ದೆ. ಈ ಸಲ ಅದಕ್ಕೆ ಅತ್ತೆ ಬಾಲಮ್ಮ ಬಂದಳು.

ಬಟ್ಟೆ ಒಗೆಯುತ್ತಿದ್ದ ಹೆಂಗಸರು, "ವರ್ಷ ತುಂಬಿಲ್ಲ, ಹೊಳಿಗಿ ಇಳೀಬಾರ್ದವ್ವ" ಅಂದರು.

"ಹಂಗಾದ್ರ ನೀವು ಇಳೀರಿ ಬೇ," ಅಂದಳು ಅತ್ತೆ. "ಇಲ್ಲಾಂದ್ರ ಸುಮ್ನ ಬಟ್ಟಿ ಒಗೀರಿ. ಹೋದಾಂವ ನನ್ನ ಮಗ."

ಮೊಣಕಾಲುದ್ದ ನೀರಿನಲ್ಲಿ ನಡೆದು ಅಗಸರ ಬಂಡೆ ಹತ್ತಿದೆ. ಇವರ ಕೋಲು ನಿಲ್ಲಿಸಿ, ಪೈಪಿನ ತುದಿಯನ್ನು ಅದರ ಮೇಲಿನ ಹೋದ ವರ್ಷದ ಕೆಂಪು ದಾರಕ್ಕೆ ಹಚ್ಚಿ, ತುದಿಗೆ ಒತ್ತಿದ್ದ ಹೆಬ್ಬೆರಳು ತೆಗೆದೆ. ಬಂಡೆ ಇದ್ದಲ್ಲೇ ಇದ್ದರೆ ನೀರು ದಾರಕ್ಕೇ ನಿಲ್ಲಬೇಕಿತ್ತು, ಉಕ್ಕಿ ಕೈಮೇಲೆ ಸುರಿಯಿತು.

"ಇಲ್ಲಿ ಇಳ್ಯಾಕತ್ತದ ಬೇ," ಅತ್ತೆ ಕೂಗಿದಳು.

ಪೈಪು ಮೇಲೆತ್ತಿದೆ. ಇನ್ನೂ ಸುರಿಯಿತು. ಕೈ ನೆತ್ತಿಯ ಮೇಲೆ ಹೋದಾಗ ನಿಂತಿತು. ಮತ್ತೆ ನೀರು ತುಂಬಿ ಎರಡು ಸಲ ನೋಡಿದೆವು. ಅಷ್ಟೇ ಬಂತು. ಹೋದ ಮಳೆಗಾಲದ ನೀರು ಬುಡದ ಉಸುಕು ಒಯ್ದಿತ್ತು. ಬಂಡೆ ಒಂದೂವರೆ ಅಡಿ ಕೆಳಗೆ ಕೂತಿತ್ತು. ಬರೇ ಕಣ್ಣಿಗೆ ಗೊತ್ತಾಗುವುದಿಲ್ಲ.

ಹೋದ ವರ್ಷ ಇವರು ಅಲ್ಲೇ ನಿಂತು, "ಗಟ್ಟಿ ಹಿಡಿ, ನಡಗಬ್ಯಾಡ" ಅಂದಿದ್ದರು. ಅಳು ಬಂತು, ಕೂತೆ. ಅತ್ತೆ ಆ ಕಡೆ ಪೈಪು ಹಿಡಿದೇ ನಿಂತಿದ್ದಳು. ಎದ್ದೆ. ಎಮ್ಮೆಗುಂಡು, ನಂದಿಕಲ್ಲು ಎರಡನ್ನೂ ಅಳೆದೆವು. ಅವು ಇದ್ದಲ್ಲೇ ಇದ್ದವು.

ಪ್ರಭುರಾಜನಿಗೆ ಫೋನು ಮಾಡಿ ಹೇಳಿದೆ.

"ಪೈಪ್‌ನ್ಯಾಗ ಗಾಳಿ ಗೀಳಿ ಕುಂತಿತ್ತೇನೋ ಅಕ್ಕಾ."

"ಮೂರು ಸಲ ತುಂಬೀವಿ. ನಂಬಿಕಿಲ್ಲಂದ್ರ ಬಾ, ನೀನೇ ಅಗಸರ ಬಂಡಿ ಮ್ಯಾಲ ನಿಲ್ಲು."

ಬಂದ. ನಿಂತ. ಅವನ ಅಂಗಿಯ ಮೇಲೂ ನೀರು ಸುರಿಯಿತು. ದಂಡೆಗೆ ಕೂತು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿದ. ಹಳೆಯ ಅಳತೆಯಲ್ಲೇ ಬಿಟ್ಟಿದ್ದರೆ ಮೋಟಾರು ಎತ್ತುವ ಕರೆ ಎರಡು ತಾಸು ತಡವಾಗಿ ಬರುತ್ತಿತ್ತು. ಅದನ್ನು ಅವನೇ ಬಾಯಿಬಿಟ್ಟು ಹೇಳಿದ. ಆಚೆ ಗಡಿಗೆಪ್ಪನ ಮಗ ಚನ್ನವೀರ ನೀರಂಚಿಗೆ ಮೋಟಾರು ಕೂಡಿಸುತ್ತಿದ್ದ. ನಾನು ಅತ್ತ ಕೈ ತೋರಿಸಿದೆ. ಪ್ರಭುರಾಜ ಹಳೆಯ ಅಳತೆ ಅಳಿಸಿ ಹೊಸದು ಹಾಕಿದ.

ಸೋಮವಾರ ಹೋಯಿತು. ಗುರುವಾರ ಬಿಟ್ಟರು. ಬಿಡುವ ಮುಂಚೆ ಪರಿಶೀಲಿಸಿದವರ ಸಾಲನ್ನು ಪ್ರಭುರಾಜನಿಂದ ಫೋನಿನಲ್ಲಿ ಓದಿಸಿದೆ. ಇವರ ಹೆಸರು ತೆಗೆದು 'ದೇವಿಕಾ, ಲಲಿತಾ' ಅಂತ ಮಾಡಿದ್ದ. ಲಲಿತಾ ನಾನು.

"ಇನ್ನೊಂದು ಹೆಸ್ರು ಹಾಕು. ಆ ಕಡಿ ತುದಿ ಹಿಡದಾಕಿ ಬಾಲಮ್ಮ."

"ತುದಿ ಹಿಡದವರ ಹೆಸ್ರು ಹಾಕೋ ಪದ್ಧತಿ ಇಲ್ಲಕ್ಕಾ."

"ಒಂಬತ್ತು ವರ್ಷ ನಾ ಹಿಡದೀನಿ, ಕೇಳಿಲ್ಲ. ಈಗ ಕೇಳ್ತೀನಿ."

ಹಾಕಿದ.

ಗಂಡನ ಹೆಸರು ಅಳಿಸಿ ತನ್ನ ಹೆಸರು ಬರೆಸಿಕೊಂಡಳು ಅಂತ ಊರಲ್ಲಿ ಅಂದರು. ಹೌದು, ಬರೆಸಿಕೊಂಡೆ. ಹಳೆಯ ಒಂಬತ್ತರಲ್ಲಿ ಅವರ ಹೆಸರಿದೆ, ಅಳೆದದ್ದಕ್ಕೆ ಇದೆ. ಅದನ್ನು ತೆಗೆಯಲು ಯಾರಾದರೂ ಬಂದರೆ ಆಗಲೂ ರಾಯಚೂರಿನ ಬಸ್ಸು ಹತ್ತುತ್ತೇನೆ.

ಶುಕ್ರವಾರ ಪರೀಕ್ಷೆಯ ಕರೆ ಬಂತು. ಅತ್ತೆ ಎತ್ತಿದಳು. ಅಗಸರ ಬಂಡೆ ಇಷ್ಟು ತಾಸಿಗೆ ಮುಳುಗುತ್ತದೆ ಅಂತ ಯಂತ್ರ ಹೇಳಿತು.

"ಗೊತ್ತದಪ್ಪಾ, ಅಳದಾಕಿ ನಾನೇ," ಅಂದು ಅತ್ತೆ ಫೋನು ಇಟ್ಟಳು.