ನೀಲಿ ಬಾಗಿಲಿಗೆ ಐದು ಸ್ಟಾರು

ನಮ್ಮ ದೊಡ್ಡಮ್ಮ ಪುಟ್ಟತಾಯಮ್ಮನಿಗೆ ಒಂದು ಕೆಟ್ಟ ಅಭ್ಯಾಸವಿದೆ. ಬಾಗಿಲಿಗೆ ಬಂದವರನ್ನು ಯಾರು, ಯಾಕೆ ಬಂದಿರಿ ಎಂದು ವಿಚಾರಿಸುವ ಮೊದಲೇ "ಉಂಡ್ರಾ?" ಎಂದು ಕೇಳಿಬಿಡುತ್ತಾಳೆ. ಕೇಳಿದ ಮೇಲೆ ಮುಗಿಯಿತು, ಮುದ್ದೆಗೆ ಎಸರಿಟ್ಟೇ ಇಡುತ್ತಾಳೆ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಅವಳನ್ನು ಬೋನಿಗೆ ಕೆಡವಿದ್ದೇ ಈ ಅಭ್ಯಾಸ.

ಶೆಟ್ಟಿಹಳ್ಳಿಯಲ್ಲಿ ನಮ್ಮದೂ ಅವಳದೂ ಅಕ್ಕಪಕ್ಕದ ಮನೆ. ಹಿನ್ನೀರಿನ ಪಾಳು ಚರ್ಚು ನೋಡಲು ಬರುವವರಿಗೆ ನಾನು ಟೀ, ಚುರುಮುರಿ ಮಾರುತ್ತೇನೆ. ಹೋದ ಬೇಸಿಗೆಯಲ್ಲಿ ಹಾಗೆ ಬಂದವನೊಬ್ಬ ನೀರು ಕೇಳಿಕೊಂಡು ದೊಡ್ಡಮ್ಮನ ಮನೆಗೆ ಹೋದ. ಇಸ್ತ್ರಿ ಷರಟು, ನಯವಾದ ಮಾತು. ಉಪ್ಸಾರು ಉಂಡು, ಮನೆಯ ಫೋಟೋ ತೆಗೆದುಕೊಳ್ಳಲೇ ಎಂದ. ಇವಳು ಸೆರಗು ಸರಿಮಾಡಿಕೊಂಡು ನೀಲಿ ಬಾಗಿಲ ಪಕ್ಕ ನಗುತ್ತಾ ನಿಂತಳು. ಹಜಾರದ ಮಂಚ, ಹಿತ್ತಿಲು, ಎಲ್ಲವನ್ನೂ ತೋರಿಸಿದಳು.

"ಒಳ್ಳೇ ಉಡುಗ ಕಣೆ ರೂಪಾ, ಉಂಡ್ ತಟ್ಟೆ ತಾನೇ ತೊಳ್ದಿಟ್ಟ," ಎಂದು ಸಂಜೆ ನನ್ನ ಹತ್ತಿರ ಹೊಗಳಿದ್ದೇ ಹೊಗಳಿದ್ದು.

ಮಳೆ ಹಿಡಿದು ಚರ್ಚಿನ ಸುತ್ತ ನೀರು ನಿಂತ ಮೇಲೆ ದೊಡ್ಡಮ್ಮನ ಬಾಗಿಲಿಗೆ ಕಾರುಗಳು ಬರತೊಡಗಿದವು. ಬ್ಯಾಗು ಹಿಡಿದು ಇಳಿದವರು "ಇದೇ ಮನೆ!" ಎಂದು ಸಂಭ್ರಮಪಟ್ಟರು. ಚರ್ಚು ನೋಡುತ್ತಾ ಹೊತ್ತು ಮೀರಿಸಿಕೊಂಡವರು ಪಾಪ, ಎಂದು ಇವಳಂದುಕೊಂಡಳು. ನಾವು ಬುಕ್ ಮಾಡಿದ ಹೋಂಸ್ಟೇ ಒಡತಿ ಇವಳೇ ಎಂದು ಅವರಂದುಕೊಂಡರು. ಇವಳು ಬಡಿಸಿದಳು, ಹಜಾರದಲ್ಲಿ ಹಾಸಿಕೊಟ್ಟಳು, ಬೆಳಿಗ್ಗೆ ದುಡ್ಡಿನ ಮಾತೆತ್ತಲಿಲ್ಲ. ಮೊದಲೇ ಕಟ್ಟಿದ್ದೇವಲ್ಲ ಎಂದು ಅವರೂ ಎತ್ತಲಿಲ್ಲ. ಕೈಮುಗಿದು ಹೋದರು. ನಡುವೆ ಒಂದು ಮೋಸ ನಡೆದಿದೆ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಗೀಸರಿನಿಂದ. "ಗೀಸರ್ ಇದೆ ಅಂತ ಹಾಕಿದೀರಿ, ಪೂರ್ತಿ ಅಡ್ವಾನ್ಸ್ ತಗೊಂಡಿದೀರಿ, ಈಗ ಹಂಡೆ ತೋರಿಸ್ತೀರಲ್ಲ!" ಎಂದು ಒಬ್ಬಾಕೆ ರೇಗಿದಾಗ ದೊಡ್ಡಮ್ಮ ಕಂಗಾಲಾಗಿ ನನ್ನನ್ನು ಕೂಗಿದಳು. ಆಕೆಯ ಮೊಬೈಲಿನಲ್ಲಿ ತೆರೆದಿದ್ದ ಹೋಂಸ್ಟೇ ಪುಟದಲ್ಲಿ ನೀಲಿ ಬಾಗಿಲು, ಪಕ್ಕದಲ್ಲಿ ನಗುತ್ತಿರುವ ನಮ್ಮ ದೊಡ್ಡಮ್ಮ, ಕೆಳಗೆ ಯಾರದೋ ನಂಬರು. ಅದಕ್ಕೆ ಫೋನ್ ಮಾಡಿದೆ.

"ಯಾವ ಡೇಟ್‌ಗೆ ಬೇಕು ಮೇಡಂ?" ಅದೇ ನಯವಾದ ದನಿ.

"ಪುಟ್ಟತಾಯಮ್ಮನ ಮನೆಯಿಂದ್ಲೇ ಮಾತಾಡ್ತಿರೋದು," ಎಂದೆ. ಕಟ್ ಆಯಿತು.

ನನ್ನ ಸಿಟ್ಟು ಅವನೊಬ್ಬನ ಮೇಲಲ್ಲ. ಸಂತೆಯಲ್ಲಿ ಬದನೆಕಾಯಿಯನ್ನೂ ತಿರುಗಿಸಿ ತಿರುಗಿಸಿ ನೋಡುವ ಜನ, ಮನೆ ಹಿಡಿಯುವಾಗ ಫೋಟೋ ನೋಡಿ ಗುರುತಿಲ್ಲದ ನಂಬರಿಗೆ ದುಡ್ಡು ಕಳಿಸುತ್ತಾರೆ. ವಿಡಿಯೋ ಕಾಲ್ ಮಾಡಿ ಮನೆ ಒಳಗೆ ತೋರಿಸಿ ಅನ್ನಬಹುದಿತ್ತು. ಊರಿನ ಒಂದು ಅಂಗಡಿಗೆ ವಿಚಾರಿಸಬಹುದಿತ್ತು. ಬಂದು ನೋಡಿಯೇ ಕೊಡುತ್ತೇವೆ ಎಂದು ಹಟ ಹಿಡಿದಿದ್ದರೆ ಅವನ ಬಂಡವಾಳ ಅಲ್ಲೇ ಬಯಲಾಗುತ್ತಿತ್ತು. ಯಾಕೆ ಕೇಳಲಿಲ್ಲ ಎಂದು ಆಕೆಯನ್ನೇ ಗದರಿದೆ.

"ರಿವ್ಯೂ ಎಲ್ಲಾ ಅಷ್ಟು ಚೆನ್ನಾಗಿತ್ತಲ್ಲ," ಎಂದು ತೋರಿಸಿದಳು. ಸಾಲುಸಾಲು ಐದು ಸ್ಟಾರು. ಅಮ್ಮನ ಕೈರುಚಿ ಮರೆಯೋಕಾಗಲ್ಲ. ತವರಿಗೆ ಬಂದ ಹಾಗಿತ್ತು. ಇವಳು ಉಣಿಸಿ ಕಳಿಸಿದವರೇ ಬರೆದದ್ದು. ಕಳ್ಳನ ಪರವಾಗಿ ಸಾಕ್ಷಿ ಹೇಳುತ್ತಿದ್ದದ್ದು ದೊಡ್ಡಮ್ಮನ ಮುದ್ದೆ ಸಾರು.

ದೊಡ್ಡಪ್ಪ ದೇವರಾಜು ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಪೊಲೀಸರಿಗೆ ದೂರು ಕೊಡಿಸಿದ. ಅವರು ಬರೆದುಕೊಂಡು ಒಂದು ಮಾತು ಹೇಳಿದರಂತೆ: "ಇನ್ಮೇಲೆ ಯಾರ್ನೂ ಒಳಕ್ ಬಿಡ್ಬೇಡಿ ಅಮ್ಮ. ನೀವೇ ಉಣ್ಣಾಕಿಕ್ತಾ ಕೂತ್ರೆ, ನಿಮಗೂ ಪಾಲಿದೆ ಅಂತ್ಲೇ ತಾನೆ ಜನ ಅನ್ನೋದು?" ಇತ್ತ ಆ ಪುಟವನ್ನು ತೆಗೆಯಿರಿ ಎಂದು ಬುಕಿಂಗ್ ವೆಬ್‌ಸೈಟಿನವರಿಗೆ ನಾನು ಮೊಬೈಲಿನಲ್ಲಿ ಕಳಿಸಿದ ದೂರಿಗೂ ಉತ್ತರ ಬಂತು. ಈ ಜಾಗದ ಬಗ್ಗೆ ಒಳ್ಳೆಯ ಅಭಿಪ್ರಾಯಗಳೇ ಇವೆ, ತೆಗೆಯಲು ಕಾರಣ ಕಾಣುತ್ತಿಲ್ಲ ಎಂದು.

ಹಗಲು ಹೊತ್ತು ಎಂದೂ ಮುಚ್ಚದಿದ್ದ ನೀಲಿ ಬಾಗಿಲು ಮುಚ್ಚಿತು. ಕಾರಿನ ಸದ್ದಾದರೆ ದೊಡ್ಡಮ್ಮ ಒಲೆಯ ಮುಂದೆ ಮುದುರಿ ಕೂರುತ್ತಿದ್ದಳು. ನಾನೇ ಓಡಿಹೋಗಿ ಬಂದವರಿಗೆ ವಿಷಯ ಹೇಳಿ ಕಳಿಸುತ್ತಿದ್ದೆ.

"ನನ್ ಮನೇಲಿ ನಾನೇ ಕಳ್ಳಿ ಆಗೋದ್ನಲ್ಲೇ," ಎಂದಳು ಒಂದು ದಿನ.

ಆಮೇಲೊಂದು ಮುಸ್ಸಂಜೆ, ಜಡಿಮಳೆ. ಗಂಡ, ಹೆಂಡತಿ, ಪುಟ್ಟ ಹುಡುಗಿ ಜಗಲಿ ಹತ್ತಿ ಬಾಗಿಲು ಬಡಿದರು. ನೀವು ಮೋಸ ಹೋಗಿದೀರಿ, ಹಾಸನದಲ್ಲಿ ಲಾಡ್ಜ್ ಸಿಗುತ್ತೆ ಎಂದು ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಕಿಟಕಿಯಲ್ಲಿ ಇಣುಕಿದ ಮಗು ಕೂಗಿತು: "ಅಮ್ಮಾ, ಫೋಟೋದಲ್ಲಿರೋ ಅಜ್ಜಿ ಒಳಗಿದಾರೆ! ನಂಗೆ ಹಸಿವು."

ನಾನು ಹಿತ್ತಿಲ ಕಡೆಯಿಂದ ಒಳಗೆ ಹೋದೆ. ಹುರುಳಿ ಸಾರಿನ ಘಮ ಮನೆ ತುಂಬಿತ್ತು, ಜಗಲಿಗೂ ಹೋಗಿರಲೇಬೇಕು. ದೊಡ್ಡಮ್ಮ ಒಂದು ಕೈಯಲ್ಲಿ ಬಾಗಿಲ ಅಗುಳಿ ಹಿಡಿದಿದ್ದಳು, ಇನ್ನೊಂದರಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. 'ಉಂಡ್ರಾ?' ಎಂಬ ಆ ಒಂದು ಮಾತು ಹೊರಗೆ ಬಿದ್ದರೆ ಕೆಟ್ಟಿತು ಎಂದು ಅವಳಿಗೆ ಗೊತ್ತಿತ್ತು. ಕಾರು ತಿರುಗಿಸಿಕೊಂಡು ಹೋದ ಸದ್ದು ಕೇಳುವವರೆಗೂ ಅಗುಳಿ ಬಿಡಲಿಲ್ಲ.

ಮಾರನೆಯ ದಿನ ಪುಟದ ಮೇಲ್ತುದಿಯಲ್ಲೇ ಹೊಸದೊಂದು ರಿವ್ಯೂ ಬಂದಿತ್ತು. ಒಂದೇ ಸ್ಟಾರು. 'ಫೋಟೋದಲ್ಲಿ ನಗುವ ಈ ಹೆಂಗಸು ಹಸಿದ ಮಗುವಿಗೆ ಬಾಗಿಲು ತೆಗೆಯಲಿಲ್ಲ. ಇಂಥ ಕಲ್ಲೆದೆಯವರನ್ನು ಎಲ್ಲೂ ಕಂಡಿಲ್ಲ. ದಯವಿಟ್ಟು ಯಾರೂ ಹೋಗಬೇಡಿ.' ನೂರಾರು ಜನ ಅದಕ್ಕೆ ಹೌದು ಹೌದು ಎಂದಿದ್ದರು. ಆ ವಾರ ಒಂದು ಕಾರೂ ಬರಲಿಲ್ಲ, ಮುಂದಿನ ವಾರವೂ ಇಲ್ಲ.

"ಬಚಾವಾದೆ ಕಣ್ ದೊಡ್ಡಮ್ಮ!" ಎಂದು ಹೋಗಿ ಓದಿ ಹೇಳಿದೆ. ಅವಳು ಇನ್ನೊಂದು ಸಲ ಓದಿಸಿದಳು.

"ಅದ್ನ ಅಳ್ಸಾಕಾಯ್ತದಾ?"

"ಅಳ್ಸುದ್ರೆ ಮತ್ತೆ ಬತ್ತಾರೆ."

"ಅಂಗಾರೆ ಇರ್ಲಿ ಬುಡು," ಎಂದಳು. ಒಲೆಗೆ ಸೌದೆ ನೂಕುತ್ತಾ ಮತ್ತೆ ಕೇಳಿದಳು: "ಆಮ್ಯಾಕೆ ಎಲ್ಲಾರ ಆ ಕೂಸು ಉಣ್ತಂತಾ? ಬರ್ದವ್ರಾ?"

ನಾನು ಮೊದಲಿಂದ ಓದಿ ನೋಡಿದೆ. ಅದನ್ನು ಬರೆದಿರಲಿಲ್ಲ.